ಮೂಲ ಕೇಳುವವರು

ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದ ಹೆಂಗಸರು ಊಟದ ಹೊತ್ತಿನಲ್ಲಿ ಕರೆಂಟು ಕದಿಯುತ್ತಾರೆ ಎಂದು ಮ್ಯಾನೇಜರಿಗೆ ಹೇಳಿದವನು ಅವನು. ಕರೆಂಟು ಕದಿಯುತ್ತಿದ್ದವನೂ ಅವನೇ. ಕೆಲಸ ಹೋದದ್ದು ಅತ್ತಿಗೆಯದು.

ಈಗ ಅತ್ತಿಗೆ ಕಿಟಕಿಯ ಪಕ್ಕ ನಿಂತು ಎದುರು ಮನೆಯ ಯಾರದೋ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಮಂಚದ ತುದಿಯಲ್ಲಿ ಕೂತು, ಕಾಲುಚೀಲ ಏರಿಸಿಕೊಳ್ಳುವ ನೆಪದಲ್ಲಿ, ಅದನ್ನೇ ನೋಡುತ್ತಿದ್ದ. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವಳು ಪ್ಲಗ್ಗು ಸಿಕ್ಕಿಸುತ್ತಾಳೆ. ಪೆಟ್ಟಿಗೆ ಕಾಯುವ ತನಕ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಲ್ಲುತ್ತಾಳೆ, ಹಾಲು ಉಕ್ಕೀತೆಂದು ಕಾಯುವವಳ ಹಾಗೆ. ಕಾದ ಕೂಡಲೇ ಸ್ವಿಚ್ಚು ಆರಿಸಿ, ಅಷ್ಟು ಸಾಲದೆಂಬಂತೆ ಪ್ಲಗ್ಗನ್ನೂ ಕಿತ್ತು, ಇದ್ದ ಬಿಸಿಯಲ್ಲೇ ಕಾಲರು, ತೋಳು, ಬೆನ್ನು ಎಂದು ದಡಬಡಿಸಿ ಓಡಿಸುತ್ತಾಳೆ. ಬಿಸಿ ಸಾಯುವ ಹೊತ್ತಿಗೆ ಕರವಸ್ತ್ರ, ದಿಂಬಿನ ಚೀಲದಂಥ ಚಿಲ್ಲರೆ ಬಟ್ಟೆಗಳಿಗೆ ಇಳಿಯುತ್ತಾಳೆ. ಮತ್ತೆ ಪ್ಲಗ್ಗು, ಮತ್ತೆ ಬೆರಳು. ಒಂದೇ ಸಮ ಬಿಸಿ ಬೇಡುವ ಕೆಲಸವನ್ನು ಹೀಗೆ ತುಂಡುತುಂಡು ಬಿಸಿಯಲ್ಲಿ ಮುಗಿಸುವುದಕ್ಕೆ ಅವಳಿಗೆ ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು. ಮೀಟರು ಈ ಮನೆಯದು, ಬಿಲ್ಲು ಕಟ್ಟುವವನು ಅವನು, ಯಾರೂ ಏನೂ ಅನ್ನುವುದಿಲ್ಲ ಎಂದು ಅವನು ಹಿಂದೊಮ್ಮೆ ಹೇಳಿ ನೋಡಿದ್ದ. "ಅಭ್ಯಾಸ ಆಗೋಯ್ತು ಕಣೋ" ಎಂದು ನಕ್ಕಿದ್ದಳು. ಯಾವತ್ತಿನಿಂದ ಆದ ಅಭ್ಯಾಸ ಎಂದು ಅವನು ಕೇಳಿರಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಅಡುಗೆಮನೆಯಲ್ಲಿ ಒಲೆ ಇದೆ, ಗ್ಯಾಸು ಇದೆ. ಅವನ ಊಟವನ್ನು ಅತ್ತಿಗೆ ಕೈ ಸುಡುವಷ್ಟು ಬಿಸಿ ಮಾಡಿ ಬಡಿಸುತ್ತಾಳೆ. ತನ್ನದನ್ನು ಮಾತ್ರ ತಣ್ಣಗೇ ಉಣ್ಣುತ್ತಾಳೆ, ಗೋಡೆಗೆ ಮುಖ ಮಾಡಿ, ಯಾರೋ ಬಂದು ಮುಚ್ಚಳ ತೆಗೆದು ನೋಡಬಹುದೆಂಬಂತೆ ತಟ್ಟೆಯ ಅಂಚಿಗೆ ಕೈ ಅಡ್ಡ ಇಟ್ಟುಕೊಂಡು. ಅಣ್ಣ ತೀರಿಕೊಂಡ ಮೇಲೆ ಈ ಎರಡು ಕೋಣೆಯ ಮನೆಯಲ್ಲಿ ಉಳಿದದ್ದು ಅವರಿಬ್ಬರೇ. ಅಣ್ಣನ ಕುರ್ಚಿಯನ್ನು ಯಾರೂ ಉಪಯೋಗಿಸುತ್ತಿರಲಿಲ್ಲ. ಮಡಚಿದ ಬಟ್ಟೆಗಳ ರಾಶಿ ಅದರ ಮೇಲೆ ಕೂರುತ್ತಿತ್ತು, ಮನೆಯ ಯಜಮಾನನ ಹಾಗೆ.

"ಬ್ಯಾಂಕಲ್ಲಿ ಏನು ಕೇಳ್ತಾರೋ?" ಅಂದಳು ಅತ್ತಿಗೆ, ಅಂಗಿಯ ಗುಂಡಿಗಳ ಸಂದಿಗೆ ಪೆಟ್ಟಿಗೆಯ ಮೂತಿ ತೂರಿಸುತ್ತ.

"ಏನಿಲ್ಲ ಅತ್ತಿಗೆ. ಈ ದುಡ್ಡು ನೀವು ಕೊಟ್ಟಿದ್ದಾ ಅಂತಾರೆ. ಹೌದು ಅನ್ನಿ. ಅಷ್ಟೇ."

"ಅಷ್ಟೇನಾ? ಅದಕ್ಕೆ ಇಷ್ಟು ದಿನದಿಂದ ಮುಖ ಗಂಟು ಹಾಕ್ಕೊಂಡು ಓಡಾಡ್ತಿದೀಯಾ? ನಾನೇನೋ ಮತ್ತೆ ಆ ದಿಂಬು ಬೇಕಾಯ್ತೇನೋ ಅಂದ್ಕೊಂಡೆ."

ದಿಂಬಿನ ಮಾತು ಬಂದಾಗ ಅವನ ಕಿವಿ ಬಿಸಿಯಾಯಿತು. ಅದು ಬ್ಯಾಂಕಿನವರು ಅವನ ಖಾತೆಯನ್ನು ತಡೆಹಿಡಿದ ವಾರದ ಕಥೆ. ಎಷ್ಟೋ ವರ್ಷ ಒಂದು ಪೆನ್ ಡ್ರೈವಿನಲ್ಲಿ ಸತ್ತ ಹಾಗೆ ಬಿದ್ದಿದ್ದ ಕ್ರಿಪ್ಟೊ ನಾಣ್ಯಗಳನ್ನು ಅವನು ಮಾರಿದ್ದ. ಹಣ ಬಂದು ಖಾತೆಗೆ ಬಿದ್ದಿತ್ತು. ಬಿದ್ದ ಮರುದಿನವೇ ಫೋನಿಗೆ ಒಂದು ಸಂದೇಶ. ತಾವು ಪಡೆದಿರುವ ಹಣದ ಮೂಲವನ್ನು ದಾಖಲೆ ಸಮೇತ ಸಾಬೀತುಪಡಿಸುವವರೆಗೆ ಎಂದು ಶುರುವಾಗುವ ವಾಕ್ಯ, ಎಲ್ಲಿ ಮುಗಿಯುತ್ತದೆಂದು ತಿಳಿಯದ ವಾಕ್ಯ. ಅದೇ ಖಾತೆಗೆ ಬೀಳುವ ರಿಪೇರಿ ಅಂಗಡಿಯ ಸಂಬಳವೂ ಅದರೊಳಗೇ ಸಿಕ್ಕಿಕೊಂಡಿತ್ತು. ಅವನು ಹೊರಗೆ ಮೆಟ್ಟಿಲ ಮೇಲೆ ನಿಂತು, ಅಂಗಡಿಯ ಗೆಳೆಯನೊಂದಿಗೆ ಫೋನಿನಲ್ಲಿ ಪಿಸುಗುಟ್ಟಿದ್ದ: ಎಲ್ಲ ಸರಿ ಇದೆ ಮಾರಾಯಾ, ಮೂಲದ್ದೇ ತೊಂದರೆ, ಕೂತಲ್ಲಿ ಕೂರಕ್ಕಾಗ್ತಿಲ್ಲ. ಸಂಜೆ ಮನೆಗೆ ಬಂದರೆ ಅವನ ಕುರ್ಚಿಯ ಮೇಲೆ ಹತ್ತಿಯ ಮೆತ್ತನೆ ದಿಂಬು. ಅತ್ತಿಗೆ ಆ ಕಡೆ ತಿರುಗಿಕೊಂಡೇ ಅಂದಿದ್ದಳು: "ಎಷ್ಟು ದಿನದಿಂದ ಇದೆ? ನಾಚ್ಕೊಳೋಕೆ ಏನಿದೆ ಅದರಲ್ಲಿ, ನಿಮ್ಮಣ್ಣಂಗೂ ಇತ್ತು. ರಕ್ತ ಹೋಗ್ತಿದ್ರೆ ಮಾತ್ರ ಸುಮ್ನಿರಬೇಡ, ಡಾಕ್ಟರ ಹತ್ರ ಹೋಗು." ಅವನು ನಗಬೇಕಿತ್ತು. ಅಲ್ಲ ಅತ್ತಿಗೆ, ಇದು ಆ ಮೂಲ ಅಲ್ಲ, ಬ್ಯಾಂಕಿನ ಮೂಲ ಎಂದು ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬೇಕಿತ್ತು. ಅದರ ಬದಲು ಅವನು ಮೆಲ್ಲಗೆ ದಿಂಬಿನ ಮೇಲೆ ಕೂತ. ರೋಗಿಯ ಹಾಗೆ, ಒಂದು ಕಡೆ ವಾಲಿಕೊಂಡು. ಇನ್ನೂ ಎಷ್ಟೋ ದಿನ ಹಾಗೇ ಕೂತ. ಸುಳ್ಳಿಗೊಂದು ಮೆತ್ತೆ ಸಿಕ್ಕಿದರೆ ಅದರ ಮೇಲೆ ಎಷ್ಟು ಸುಖವಾಗಿ ಕೂರಬಹುದು ಎಂದು ಅವನಿಗೆ ಆಗ ಗೊತ್ತಾಯಿತು.

ಕೊನೆಗೆ ನಿಜ ಹೇಳಿದ್ದು, ಎಂದರೆ ನಿಜದ ಒಂದು ಚೂರು ಹೇಳಿದ್ದು, ಮನೆಯ ದಲ್ಲಾಳಿ ಬಂದುಹೋದ ಮೇಲೆ. ಮನೆ ಮಾರುತ್ತಾರಂತೆ. ಬಾಡಿಗೆಗಿದ್ದವರೇ ಕೊಳ್ಳುವುದಾದರೆ ಈ ತಿಂಗಳ ಕೊನೆಯ ತನಕ ಕಾಯುತ್ತಾರಂತೆ, ಇಲ್ಲದಿದ್ದರೆ ಬೇರೆಯವರು ಸಿದ್ಧವಿದ್ದಾರಂತೆ. ದಲ್ಲಾಳಿ ಅತ್ತಿಗೆಯನ್ನು ಸ್ವಲ್ಪ ಸರಿಯಮ್ಮ ಎಂದು ಪಕ್ಕಕ್ಕೆ ಸರಿಸಿ, ಅವಳು ಇಸ್ತ್ರಿ ಹಾಕುವ ಕಿಟಕಿಯ ಅಗಲವನ್ನು ಅಳತೆಪಟ್ಟಿಯಿಂದ ಅಳೆದ. ಪಟ್ಟಿ ಜಾರಿ ಮಡಚಿಟ್ಟ ಬಟ್ಟೆಯ ಮೇಲೆ ಬಿತ್ತು. ದಲ್ಲಾಳಿ ಬಗ್ಗಿ ಪಟ್ಟಿ ಎತ್ತಿಕೊಂಡನೇ ಹೊರತು ಕೆಳಗೆ ಬಿದ್ದ ಅಂಗಿಯನ್ನು ಎತ್ತಲಿಲ್ಲ. ಅತ್ತಿಗೆ ಎತ್ತಿ, ಕೊಡವಿ, ಮತ್ತೆ ಪ್ಲಗ್ಗು ಸಿಕ್ಕಿಸಿದಳು. ಆವತ್ತು ಅವನು ಹೇಳಿದ: ಹಿಂದೆ ಕಂಪ್ಯೂಟರಿನಲ್ಲಿ ಸ್ವಲ್ಪ ಕ್ರಿಪ್ಟೊ ತಗೊಂಡಿದ್ದೆ ಅತ್ತಿಗೆ, ಈಗ ಬೆಲೆ ಬಂದಿದೆ, ಈ ಮನೆ ನಮ್ಮದೇ ಮಾಡ್ಕೋಬಹುದು, ಬ್ಯಾಂಕಿನವರು ಬಿಡಬೇಕು ಅಷ್ಟೇ. "ಟೀವಿಲಿ ಹೇಳ್ತಾರಲ್ಲ, ಕಣ್ಣಿಗೆ ಕಾಣದ ದುಡ್ಡು, ಅದಾ?" ಅಂದಿದ್ದಳು. "ಕಾಣೋ ದುಡ್ಡೇ ನಮಗೆ ಕಾಣ್ಲಿಲ್ಲ. ಹೋಗ್ಲಿ, ಕಾಣದೆ ಇರೋದಾದ್ರೂ ಕಾಣ್ಲಿ ಬಿಡು."

ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಅತ್ತಿಗೆಗೆ ಕೂರಲು ಜಾಗ ಸಿಕ್ಕಿತು. ಅವನು ಅವಳ ತಲೆಯ ಮೇಲಿನ ಕಂಬಿ ಹಿಡಿದು ನಿಂತ. ಮೇಲಿನಿಂದ ಅವಳ ಬೈತಲೆ ಕಾಣುತ್ತಿತ್ತು, ಎರಡೂ ಕಡೆ ನೆರೆತ ಕೂದಲು, ಬಲಗೈ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗುರುತು. ಪೆಟ್ಟಿಗೆಯ ಅಂಚು ತಾಗಿ ಆದದ್ದು. ಆ ವಿಭಾಗದಲ್ಲಿ ಎಲ್ಲರಿಗೂ ಅದೇ ಜಾಗದಲ್ಲಿ ಅಂಥದೊಂದು ಗುರುತಿತ್ತು. ಕೈ ಚಾಚಿ ತೋರಿಸಿಕೊಂಡು, ನೋಡ್ರೇ ನಾವೆಲ್ಲ ಒಂದೇ ಮನೆಯ ಸೊಸೆಯಂದಿರು ಎಂದು ನಗುತ್ತಿದ್ದರು. ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಕೊಡಿಸಿದವಳು ಅತ್ತಿಗೆಯೇ. ಮ್ಯಾನೇಜರ ಬಾಗಿಲಲ್ಲಿ ಕಾದು ನಿಂತು, ನಮ್ಮ ಮೈದುನ ಕಂಪ್ಯೂಟರ್ ಓದಿದಾನೆ ಸರ್, ಬಿಚ್ಚಿ ಜೋಡಿಸ್ತಾನೆ ಸರ್ ಎಂದು ಗೋಗರೆದು. ಜೇಬಿನಿಂದ ಮೌಸಿನ ಬಾಲ ಜೋತಾಡಿಸಿಕೊಂಡು ಅವನು ಇಸ್ತ್ರಿ ವಿಭಾಗವನ್ನು ದಾಟಿ ಹೋಗುವಾಗ ಹೆಂಗಸರು, ಬಂತು ನೋಡ್ರೇ ನಮ್ಮ ಇಲಿ, ಬುತ್ತಿ ಭದ್ರ ಮಾಡ್ಕೊಳ್ಳಿ ಎಂದು ಕೂಗುತ್ತಿದ್ದರು. ಇಲಿ ಎಂಬ ಹೆಸರು ಹಾಗೆ ಬಂದದ್ದು. ಪ್ರೀತಿಯಿಂದ. ಅವನು ಅವರೊಂದಿಗೇ ಉಣ್ಣುತ್ತಿದ್ದ.

ಊಟದ ಗಂಟೆಗೆ ಅವರು ಮಾಡುತ್ತಿದ್ದದ್ದು ಇಷ್ಟು. ಪೆಟ್ಟಿಗೆಯನ್ನು ಎರಡು ಇಟ್ಟಿಗೆಗಳ ನಡುವೆ ಅಂಗಾತ ಮಲಗಿಸುವುದು, ಕಾದ ಅಂಗಾಲು ಮೇಲೆ ಬರುವ ಹಾಗೆ. ಅದರ ಮೇಲೆ ಬುತ್ತಿಯ ಡಬ್ಬಿ. ಒಬ್ಬರದು ಇಳಿದರೆ ಇನ್ನೊಬ್ಬರದು ಏರುತ್ತಿತ್ತು. ಬೆಳಕು ಹರಿಯುವ ಮೊದಲೇ ಕಟ್ಟಿದ ಬುತ್ತಿ ಮಧ್ಯಾಹ್ನಕ್ಕೆ ಕಲ್ಲಾಗಿರುತ್ತಿತ್ತು; ಸಾಹೇಬರ ಊಟದ ಕೋಣೆಯಲ್ಲಿ ಬಿಸಿ ಮಾಡುವ ಯಂತ್ರವಿತ್ತು, ಅದರ ಮೇಲೆ ಸಿಬ್ಬಂದಿಗೆ ಮಾತ್ರ ಎಂದು ಬರೆದಿತ್ತು, ಇಸ್ತ್ರಿ ಹಾಕುವವರು ಸಿಬ್ಬಂದಿ ಅಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತಿಗೆ ತನ್ನ ಡಬ್ಬಿಯ ಮೇಲೆ ಅವನ ಡಬ್ಬಿಯನ್ನೂ ಹೇರುತ್ತಿದ್ದಳು. ಮುಚ್ಚಳ ತೆಗೆದರೆ ಆವಿ. ಇಸ್ತ್ರಿಯ ಆವಿಗೂ ಊಟದ ಆವಿಗೂ ಒಂದೇ ವಾಸನೆ, ಕಾದ ಹತ್ತಿಯ ವಾಸನೆ. ಈ ಬಸ್ಸಿನಲ್ಲಿ ಯಾರದೋ ಈಗತಾನೆ ಇಸ್ತ್ರಿ ಮಾಡಿದ ಅಂಗಿಯಿಂದ ಬರುತ್ತಿದ್ದುದು ಅದೇ ವಾಸನೆ, ಅವನಿಗೆ ಹಸಿವಾಯಿತು, ಹಸಿವಾದದ್ದಕ್ಕೆ ಹೇಸಿಗೆಯಾಯಿತು.

ಅದೇ ಹೊತ್ತಿಗೆ, ಆ ಗೋಡೆಯ ಆಚೆ, ತಂಪು ಮಾಡಿದ ಡಿಸೈನ್ ಕೋಣೆಯಲ್ಲಿ, ಬಟ್ಟೆಯ ಮಾದರಿ ಬಿಡಿಸುವ ದೊಡ್ಡ ದೊಡ್ಡ ಕಂಪ್ಯೂಟರುಗಳು ಅವನಿಗಾಗಿ ದುಡಿಯುತ್ತಿದ್ದವು. ಡಿಸೈನಿನವರು ಊಟಕ್ಕೆ ಎದ್ದರೆ ಇವನ ಪ್ರೋಗ್ರಾಮು ಏಳುತ್ತಿತ್ತು. ರಜೆಯ ದಿನ ಇಡೀ ಹಗಲು ಓಡುತ್ತಿತ್ತು. ಕಂಪ್ಯೂಟರು ಯಾರಿಗೂ ಬೇಡದ ಒಂದು ಲೆಕ್ಕವನ್ನು ಬಿಡಿಸುತ್ತ ಬಿಡಿಸುತ್ತ ಕಾಯುತ್ತದೆ, ಬಿಡಿಸಿದ್ದಕ್ಕೆ ಕೂಲಿಯಾಗಿ ಒಂದು ಕ್ರಿಪ್ಟೊ ನಾಣ್ಯ ಹುಟ್ಟುತ್ತದೆ. ಲೋಕದ ಯಾವುದೋ ಮೂಲೆಯ ಹುಡುಗರು ಅದಕ್ಕೆ ಗಣಿ ತೋಡುವುದು ಎನ್ನುತ್ತಿದ್ದರು. ಅವನ ಗಣಿಗೆ ಹಾರೆ ಪಿಕಾಸಿ ಎಲ್ಲ ಕಾರ್ಖಾನೆಯ ಕರೆಂಟು. ದುರಾಸೆಯಿಂದ ಮಾಡಿದೆನೇ ಎಂದು ಅವನು ಎಷ್ಟೋ ಸಲ ತನ್ನನ್ನು ಕೇಳಿಕೊಂಡಿದ್ದಾನೆ, ದುರಾಸೆಯಾಗಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತೆಂದು. ಆಗ ಆ ನಾಣ್ಯಗಳಿಗೆ ಬೆಲೆಯೇ ಇರಲಿಲ್ಲ. ಎಲ್ಲ ಸೇರಿಸಿ ಮಾರಿದ್ದರೂ ಒಂದು ಲೋಟ ಚಹಾ ಬರುತ್ತಿರಲಿಲ್ಲ. ಅದು ಆಟ. ದೊಡ್ಡವರ ಯಂತ್ರ ತನ್ನ ಮಾತು ಕೇಳುತ್ತದೆ ಎಂಬ ಖುಷಿ. ಆ ಆಟ ಬಯಲಾದೀತೆಂಬ ಹೆದರಿಕೆಗೆ ಅವನು ಅತ್ತಿಗೆಯ ಅನ್ನ ಕಿತ್ತುಕೊಂಡ. ಒಂದು ಲೋಟ ಚಹಾಕ್ಕೂ ಬಾಳದ್ದಕ್ಕೆ.

ಕರೆಂಟಿನ ಬಿಲ್ಲು ಉಬ್ಬಿದಾಗ ಮ್ಯಾನೇಜರು ಅವನನ್ನು ಕರೆಸಿ ಎದುರು ಕುರ್ಚಿ ಕೊಟ್ಟು ಕೂರಿಸಿದ್ದರು. ಆ ಕುರ್ಚಿ. ಅತ್ತಿಗೆ ಬಾಗಿಲಲ್ಲೇ ನಿಂತು ಗೋಗರೆದಿದ್ದ ಕೋಣೆಯಲ್ಲಿ ಅವನಿಗೆ ಕುರ್ಚಿ. "ನೀನು ಓದಿದವನಪ್ಪಾ, ನೀನೇ ಹೇಳು, ಎಲ್ಲಿ ಸೋರ್ತಿದೆ?" ಡಿಸೈನ್ ಕೋಣೆಯ ಮೀಟರು ನೋಡೋಣವೇ ಎಂದು ಮ್ಯಾನೇಜರ ಬೆರಳು ಒಂದು ಕಾಗದದ ಕಡೆ ಸರಿಯುತ್ತಿತ್ತು. ಅವನು ನಿಜವನ್ನೇ ಹೇಳಿದ. ಅದೇ ಅವನನ್ನು ಈಗಲೂ ಕಾಡುವುದು. ಒಂದು ಅಕ್ಷರ ಸುಳ್ಳಿರಲಿಲ್ಲ. "ಇಸ್ತ್ರಿ ವಿಭಾಗ ನೋಡಿ ಸರ್. ಊಟದ ಹೊತ್ತಲ್ಲಿ ಪೆಟ್ಟಿಗೆ ಆರಿಸಲ್ಲ. ಬುತ್ತಿ ಬಿಸಿ ಮಾಡ್ತಾರೆ."

ಅವರು ಊಟದ ಗಂಟೆಗೇ ಬಂದರು, ಮ್ಯಾನೇಜರು ಮುಂದೆ, ಮೇಸ್ತ್ರಿ ಹಿಂದೆ, ಗೇಟಿನ ಕಾವಲುಗಾರ ಕೊನೆಗೆ. ಬಿಸಿ ಡಬ್ಬಿಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಒಂದೊಂದರ ಮುಚ್ಚಳ ತೆಗೆಸಿದರು. ಯಾರ ಮನೆಯಲ್ಲಿ ಏನು ಇಲ್ಲ ಎಂಬುದು ಎಲ್ಲರ ಎದುರಿಗೆ ಬಾಯ್ತೆರೆದುಕೊಂಡು ಕೂತಿತು. ಅತ್ತಿಗೆಯ ಪೆಟ್ಟಿಗೆಯ ಮೇಲೆ ಎರಡು ಡಬ್ಬಿ. ಇನ್ನೊಂದು ಯಾರದು ಎಂದು ಮ್ಯಾನೇಜರು ಕೇಳಿದರು. ಅವನು ಅಲ್ಲೇ ಇದ್ದ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು, ಕಂಬಕ್ಕೆ ಒರಗಿ. "ಎರಡೂ ನನ್ನವೇ ಸರ್" ಅಂದಳು ಅತ್ತಿಗೆ. "ಒಬ್ಬಳೇ ಎರಡು ಡಬ್ಬಿ ತಿಂತೀಯಾ?" "ಹಸಿವು ಜಾಸ್ತಿ ಸರ್ ನಂಗೆ." ಎಲ್ಲರೂ ನಕ್ಕರು. ಮೇಸ್ತ್ರಿ ನಕ್ಕ, ಕಾವಲುಗಾರ ನಕ್ಕ, ಹೆದರಿದ ಹೆಂಗಸರೂ ನಕ್ಕರು. ಅವನೂ ನಕ್ಕ. ತನ್ನ ನಗು ತನ್ನ ಕಿವಿಗೆ ಬಿದ್ದದ್ದು ಅವನಿಗೆ ನೆನಪಿದೆ. ಉಳಿದವರಿಗೆ ಸಂಬಳ ಕಡಿತ. ಅತ್ತಿಗೆ ಅವರ ಮುಂದಾಳು, ಅವಳಿಗೆ ಬಾಗಿಲು. ಕರೆಂಟು ಕದ್ದೆ ಎಂದು ಒಪ್ಪಿ ಸಹಿ ಹಾಕಿದರೆ ಪೊಲೀಸಿಗೆ ಕೊಡುವುದಿಲ್ಲ, ನಿನ್ನ ಮೈದುನನ ಕೆಲಸಕ್ಕೂ ಕೈ ಹಾಕುವುದಿಲ್ಲ ಎಂದರಂತೆ. ಹಾಕಿದಳು. ಅಷ್ಟು ವರ್ಷ ದುಡಿದದ್ದಕ್ಕೆ ಕೊನೆಯಲ್ಲಿ ಬರಬೇಕಾದ ಇಡಿಗಂಟು ಕಳ್ಳಿಗೆ ಇಲ್ಲ ಎಂದರು. ಆಮೇಲೆ ಡಿಸೈನ್ ಕೋಣೆಯ ಕಂಪ್ಯೂಟರುಗಳಿಂದ ತನ್ನ ಪ್ರೋಗ್ರಾಮನ್ನು ಅವನು ತೆಪ್ಪಗೆ ಅಳಿಸಿಹಾಕಿದ. ಬಿಲ್ಲು ಇಳಿಯಿತು. "ಕಳ್ಳಿ ಹೋದಳು, ಬಿಲ್ಲು ಇಳೀತು, ಕಂಡ್ಯಾ!" ಎಂದು ಮ್ಯಾನೇಜರು ಅವನ ಬೆನ್ನು ತಟ್ಟಿದ್ದರು. ಬಸ್ಸು ಬ್ರೇಕು ಹಾಕಿದಾಗ ಯಾರದೋ ಕೈ ಅದೇ ಜಾಗಕ್ಕೆ ಬಡಿದು ಅವನು ಬೆಚ್ಚಿದ.

"ಇಳಿಯೋದು ಇಲ್ಲೇ ಅಲ್ವೇನೋ?" ಅಂದಳು ಅತ್ತಿಗೆ.

ಬ್ಯಾಂಕಿನ ಮೆಟ್ಟಿಲ ಬಳಿ, ಖಾತೆ ಬಿಡಿಸಿಕೊಡಲು ಅವನು ಗೊತ್ತು ಮಾಡಿಕೊಂಡಿದ್ದ ಆಡಿಟರು ಕಾಯುತ್ತಿದ್ದರು. ಕಂಕುಳಲ್ಲಿ ರಟ್ಟಿನ ಫೈಲು, ಬಾಯಲ್ಲಿ ಏಲಕ್ಕಿ. ಎರಡು ಅಂಗಡಿಗಳ ಸಂದಿಯಲ್ಲಿ, ಏಣಿಯಂಥ ಮೆಟ್ಟಿಲು ಹತ್ತಿ ಹೋಗಬೇಕಾದ ಅವರ ಆಫೀಸಿಗೆ ಮೊದಲ ಸಲ ಹೋದಾಗ, ಅವನು ಏನೂ ಮುಚ್ಚಿಡದೆ ಹೇಳಬೇಕೆಂದೇ ಹೋಗಿದ್ದ. ಆದರೆ ಆಡಿಟರು ಕೈ ಎತ್ತಿ ತಡೆದಿದ್ದರು. "ನಿಜ ಹೇಳ್ಬೇಡಿ ಮಾರಾಯ್ರೇ. ನಿಜ ಕೇಳಿದ್ರೆ ನಂಗೆ ನಿದ್ದೆ ಬರಲ್ಲ. ಕಾಗದ ಏನಿದೆ ಅದನ್ನ ಹೇಳಿ." ಕಾಗದ ಏನೂ ಇರಲಿಲ್ಲ. ಕೊಂಡದ್ದಕ್ಕೆ ರಸೀತಿ ಇಲ್ಲ, ಕೊಂಡಿದ್ದರೆ ತಾನೆ. ಆಡಿಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕಿದ್ದರು. "ದೊಡ್ಡವರ ದುಡ್ಡಿಗೆ ಮಹಡಿ ಇರತ್ತೆ, ಕಾರು ಇರತ್ತೆ, ಮೂಲ ಇರಲ್ಲ; ಯಾರೂ ಕೇಳಲ್ಲ. ನಿಮ್ಮಂಥವರ ಕೈಲಿ ನಾಕು ಕಾಸು ಕಂಡ್ರೆ ಮಾತ್ರ ಬಗ್ಗಿಸಿ ನಿಲ್ಲಿಸಿ ಮೂಲ ನೋಡ್ತಾರೆ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾರ್ಖಾನೆಯನ್ನು ಒಂದು ಬೆಳಿಗ್ಗೆ ಬೀಗ ಹಾಕಿ ಮುಚ್ಚಿದ ಮಾಲೀಕ ಅದೇ ಜಾಗದಲ್ಲಿ ಮೋಡ ಮುಟ್ಟುವ ಕಟ್ಟಡ ಎಬ್ಬಿಸಿದ್ದ. ಅದರ ಮೂಲ ಯಾವುದು ಎಂದು ಕೇಳಿ ಮಾಲೀಕನ ಫೋನಿಗೆ ಸಂದೇಶ ಹೋಗಿರಲಾರದು. ಅದಕ್ಕಾಗಿ ಎಷ್ಟು ಹೆಂಗಸರ ಮಣಿಕಟ್ಟು ಸುಟ್ಟಿತು ಎಂದು ಯಾವ ಬ್ಯಾಂಕೂ ಕೇಳಿರಲಾರದು. ಹಾಗೆ ಯೋಚಿಸುವಾಗ ಅವನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಹಿತವಾಗುತ್ತಿತ್ತು, ಹಿತವಾದ ಕೂಡಲೇ ಆ ಎರಡನೆಯ ಡಬ್ಬಿ ಕಣ್ಣಿಗೆ ಬರುತ್ತಿತ್ತು. ಮಾಲೀಕನ ಕಳ್ಳತನದ ನೆರಳಲ್ಲಿ ತನ್ನದನ್ನು ಮಲಗಿಸುವುದಕ್ಕೂ ಅವನಿಗೆ ಆಗಲಿಲ್ಲ.

"ಮನೇಲಿ ಯಾರಿದಾರೆ?" ಎಂದು ಆಡಿಟರು ಕೇಳಿದ್ದರು. ಅತ್ತಿಗೆ. "ಕೆಲಸ?" ಹಿಂದೆ ಕಾರ್ಖಾನೆಯಲ್ಲಿದ್ದರು. "ಬಿಟ್ಟರಾ? ಹಾಗಾದ್ರೆ ಇಡಿಗಂಟು ಬಂದಿರಬೇಕಲ್ಲ! ಆಯ್ತು ಬಿಡಿ. ಆ ಗಂಟನ್ನ ನಿಮಗೆ ಕೊಟ್ರು, ನೀವು ಕ್ರಿಪ್ಟೊ ತಗೊಂಡ್ರಿ. ಎಲ್ಲಿಂದ ತಗೊಂಡೆ ಅಂದ್ರೆ, ಆ ಕಂಪನಿ ಮುಚ್ಚಿ ಹೋಯ್ತು ಅನ್ನಿ. ಆ ಕಾಲದ್ದು ಅರ್ಧಕ್ಕರ್ಧ ಮುಚ್ಚಿ ಹೋಗಿವೆ." ಬಂದಿಲ್ಲ ಸರ್ ಎಂದು ಅವನು ಬಾಯಿ ತೆರೆಯುವ ಮೊದಲೇ, ಬಂದಿದೆ ಎಂದು ಬರೆದುಕೊಡುವವರನ್ನು ಹುಡುಕುವ ಹೊಣೆ ತನ್ನದು ಎಂದಿದ್ದರು. ಹುಡುಕಿದರು. ಹಳೆಯ ಮ್ಯಾನೇಜರು ಈಗ ನಿವೃತ್ತರು; ಕಾರ್ಖಾನೆಯ ಹಳೆಯ ಮೊಹರು ಇನ್ನೂ ಅವರ ಮೇಜಿನ ಡ್ರಾಯರಿನಲ್ಲೇ ಇತ್ತಂತೆ. ಅವರ ಪಾಲೆಷ್ಟು ಎಂಬುದೂ ತೀರ್ಮಾನವಾಯಿತು. ಯಾರಿಗೆ ಕಾಗದ ಎಂದು ಅವರು ಕೇಳಲಿಲ್ಲವೇ? ಕೇಳಿದರಂತೆ. ಹೆಸರು ನೆನಪಾಗಲಿಲ್ಲವಂತೆ.

ಎಲ್ಲಕ್ಕಿಂತ ವಿಚಿತ್ರವೆಂದರೆ ಆಡಿಟರ ಸುಳ್ಳು ನಿಜಕ್ಕೆ ಎಷ್ಟು ಹತ್ತಿರವಿತ್ತು ಎನ್ನುವುದು. ಈ ದುಡ್ಡು ಅತ್ತಿಗೆಯ ಕೆಲಸದಿಂದ ಬಂದದ್ದು. ಬರೆದುಕೊಳ್ಳಿ, ಇದರಲ್ಲಿ ತಪ್ಪೇನಿದೆ? ಆ ಕೆಲಸ ಹೋಗದಿದ್ದರೆ ಅವನ ಆಟ ಬಯಲಾಗಿ ನಾಣ್ಯಗಳು ಉಳಿಯುತ್ತಿರಲಿಲ್ಲ. ಅವಳು ಹೊರಗೆ ಹೋದದ್ದರಿಂದ ಅವು ಒಳಗೆ ಉಳಿದವು. ಇದು ನಿಮ್ಮದೇ ದುಡ್ಡು ಅತ್ತಿಗೆ ಎಂದು ಅವನು ಕನ್ನಡಿಯ ಮುಂದೆ, ಹಲ್ಲುಜ್ಜುವಾಗ, ನೊರೆ ತುಂಬಿದ ಬಾಯಲ್ಲಿ ಹೇಳಿ ನೋಡಿದ್ದ. ಅವಳಿಗೇ ಹೇಳುವಾಗ ಮಾತ್ರ ಬಾಯಿ ಬೇರೆ ದಾರಿ ಹಿಡಿದಿತ್ತು. ನೀವು ಕೊಟ್ಟಿದ್ದು ಅಂತ ಅನ್ನಿ, ಸಾಕು. ಇಡಿಗಂಟಿನ ಮಾತನ್ನೂ ಮ್ಯಾನೇಜರ ಕಾಗದದ ಮಾತನ್ನೂ ಅವನು ಎತ್ತಲಿಲ್ಲ. ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಎಲ್ಲ ಬೇಗ ಮುಗಿದುಹೋಗುತ್ತದೆ ಎಂದುಕೊಂಡಿದ್ದ.

ಗಾಜಿನ ಕೋಣೆ ತಣ್ಣಗಿತ್ತು, ಡಿಸೈನ್ ಕೋಣೆಯ ಹಾಗೆ. ಬ್ಯಾಂಕಿನ ಅಧಿಕಾರಿ ಚಿಕ್ಕ ವಯಸ್ಸಿನವಳು, ಮೂಗು ಸೋರುತ್ತಿತ್ತು, ಕೆಟ್ಟವಳಲ್ಲ. ಕುರ್ಚಿ ಎರಡೇ ಇದ್ದವು. ಒಂದರಲ್ಲಿ ಆಡಿಟರು ಆಗಲೇ ಕೂತಾಗಿತ್ತು. ಇನ್ನೊಂದರ ಹಿಂದೆ ಅತ್ತಿಗೆ ನಿಂತೇ ಇದ್ದಳು, ಯಾರಾದರೂ ಕೂರು ಅನ್ನಲಿ ಎಂದು. ಕೂತ್ಕೊಳ್ಳಿ ಅಮ್ಮಾ ಎಂದು ಅಧಿಕಾರಿ ಅಂದ ಮೇಲೆ, ಕುರ್ಚಿಯ ತುದಿಗೆ ಕೂತಳು. ಬಂದ ಗಳಿಗೆಯಿಂದ ಅವಳ ಕಣ್ಣು ಗೋಡೆಯ ಕೆಳಗಿದ್ದ ಸಣ್ಣ ಹೀಟರಿನ ಮೇಲೇ ಇತ್ತು. ಯಾರೂ ಅದರ ಹತ್ತಿರವಿರಲಿಲ್ಲ, ಅದು ತನ್ನಷ್ಟಕ್ಕೆ ಕೆಂಪಗೆ ಉರಿಯುತ್ತಿತ್ತು. ಅತ್ತಿಗೆಯ ಬೆರಳು ಸೆರಗಿನೊಳಗೆ ಚಡಪಡಿಸುತ್ತಿದ್ದದ್ದು ಯಾಕೆಂದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

"ಅಮ್ಮಾ, ಇವರು ನಿಮಗೆ ಏನಾಗಬೇಕು?"

"ಮೈದುನ. ಮಗ ಇದ್ದ ಹಾಗೇ ಅಂದ್ಕೊಳ್ಳಿ. ನಾನು ಬಂದಾಗ ಇನ್ನೂ ಗಲ್ಲದ ಮೇಲೆ ಅನ್ನ ಅಂಟಿಸ್ಕೊಂಡು ಓಡಾಡ್ತಿದ್ದ."

ಅಧಿಕಾರಿ ನಕ್ಕಳು. ಆಡಿಟರು ಅವನ ಕಡೆ ನೋಡಿ ಹುಬ್ಬು ಏರಿಸಿದರು, ಕೆಲಸ ಆಯಿತು ಎಂಬಂತೆ.

"ಇವರಿಗೆ ದುಡ್ಡು ಕೊಟ್ಟಿದ್ದು ನೀವೇನಾ?"

"ಹೌದಮ್ಮಾ, ನಾನೇ" ಅಂದಳು ಅತ್ತಿಗೆ. ಎಷ್ಟು ಸಲೀಸಾಗಿ! ಎರಡೂ ನನ್ನವೇ ಸರ್ ಅಂದ ಅದೇ ದನಿ. ಮುಗಿಯಿತು, ಮನೆ ಉಳಿಯಿತು, ನಾಳೆ ದಲ್ಲಾಳಿಗೆ ಫೋನು ಮಾಡಿ, ಅಳತೆಪಟ್ಟಿ ತಗೊಂಡು ಬರಬೇಡ ಎನ್ನಬಹುದು. ಅತ್ತಿಗೆಗೆ ಹೊಸ ಪೆಟ್ಟಿಗೆ. ಅವಳು ಅದನ್ನೂ ಪ್ಲಗ್ಗು ಕಿತ್ತೇ ಉಜ್ಜುತ್ತಾಳೆ.

ಅಧಿಕಾರಿ ಮೂಗು ಒರೆಸಿಕೊಂಡು ಮ್ಯಾನೇಜರ ಕಾಗದವನ್ನು ಎತ್ತಿಕೊಂಡಳು. "ಒಂದ್ಸಲ ಓದಿ ಹೇಳ್ತೀನಿ, ಸರಿ ಇದ್ರೆ ಕೆಳಗೆ ಸಹಿ ಹಾಕಿ." ಓದತೊಡಗಿದಳು, ಶಾಲೆಯ ಹುಡುಗಿಯ ಹಾಗೆ, ತಡೆತಡೆದು. ಸದರಿ ನೌಕರರು ನಮ್ಮ ಇಸ್ತ್ರಿ ವಿಭಾಗದಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿದ್ದು, ಅವರ ಸೇವೆಯನ್ನು ಮೆಚ್ಚಿ, ಸ್ವಇಚ್ಛೆಯಿಂದ ಕೆಲಸ ಬಿಟ್ಟ ಸಂದರ್ಭದಲ್ಲಿ, ಅವರಿಗೆ ಸಲ್ಲಬೇಕಾದ ಎಲ್ಲ ಹಣವನ್ನೂ ಸಂಸ್ಥೆಯು ಪೂರ್ತಿಯಾಗಿ.

"ಯಾರು ಬರೆದಿದ್ದು ಅದು?" ಅಂದಳು ಅತ್ತಿಗೆ.

"ನಿಮ್ಮ ಕಾರ್ಖಾನೆಯ ಮ್ಯಾನೇಜರು. ಇಲ್ಲಿ ಮೊಹರಿದೆ ನೋಡಿ."

ಅತ್ತಿಗೆ ಕಾಗದವನ್ನು ಕೈಗೆ ತೆಗೆದುಕೊಂಡಳು. ನಿಧಾನಕ್ಕೆ ಓದಿದಳು, ತುಟಿ ಅಲ್ಲಾಡಿಸಿಕೊಂಡು. ಪ್ರಾಮಾಣಿಕವಾಗಿ ಎಂಬಲ್ಲಿ ತುಟಿ ನಿಂತಿತು. ಅವನು ಆ ತುಟಿಗಳನ್ನೇ ನೋಡುತ್ತಿದ್ದ. ಹೀಟರಿನ ಕೆಂಪು ಅವಳ ಕೆನ್ನೆಯ ಮೇಲೆ ಬಿದ್ದಿತ್ತು.

"ಇದಕ್ಕೆ ನಾನು ಸಹಿ ಹಾಕಲ್ಲ."

"ಅಮ್ಮಾ," ಎಂದು ಆಡಿಟರು ಮುಂದಕ್ಕೆ ಬಗ್ಗಿದರು, ದನಿಗೆ ಬೆಣ್ಣೆ ಸವರಿಕೊಂಡು. "ಇದರಲ್ಲಿ ನಿಮ್ಮನ್ನ ಹೊಗಳೇ ಬರೆದಿದೆ. ಒಂದು ಕೆಟ್ಟ ಮಾತಿಲ್ಲ."

"ಅದಕ್ಕೇ."

"ಏನು?"

"ನಂಗೆ ಅವರು ಏನೂ ಕೊಡ್ಲಿಲ್ಲ. ಬುತ್ತಿ ಬಿಸಿ ಮಾಡಿದ್ದಕ್ಕೆ ಕಳ್ಳಿ ಅಂತ ಹೊರಗೆ ಹಾಕಿದ್ರು. ಹಂಗಂತ ಬರೆಸಿ ಸಹಿನೂ ಹಾಕಿಸ್ಕೊಂಡ್ರು, ಇದೇ ಮನುಷ್ಯ. ಆ ಕಾಗದ ಎಲ್ಲಿದೆಯಂತೆ? ಅದನ್ನೂ ತರಿಸಿ, ಇದರ ಪಕ್ಕ ಇಟ್ಕೊಂಡು ಓದಿ. ಆಮೇಲೆ ನಾನು ಸಹಿ ಹಾಕ್ತೀನಿ, ಯಾವುದಕ್ಕೆ ಬೇಕೋ ಅದಕ್ಕೆ."

ಅಧಿಕಾರಿಯ ಮುಖದಿಂದ ನಗು ಇಳಿದುಹೋಯಿತು. ಒಮ್ಮೆ ಆಡಿಟರನ್ನು, ಒಮ್ಮೆ ಅವನನ್ನು ನೋಡಿದಳು. "ಹಾಗಾದ್ರೆ ಈ ದುಡ್ಡು ಎಲ್ಲಿಂದ ಬಂತು?"

ಅತ್ತಿಗೆಯೂ ತಿರುಗಿದಳು. ಆ ಪ್ರಶ್ನೆ ತನಗೂ ಈಗಷ್ಟೇ ಹೊಳೆದ ಹಾಗೆ, ಸಿಟ್ಟಿಲ್ಲದೆ, ಅನುಮಾನವಿಲ್ಲದೆ, ಊಟಕ್ಕೇನು ಮಾಡಲಿ ಎಂದು ಕೇಳುವಾಗ ನೋಡುವಂತೆ ಅವನನ್ನು ನೋಡಿದಳು. "ಹೌದಲ್ವಾ. ಎಲ್ಲಿಂದ ಬಂತೋ?"

ಅವನ ಬಾಯಲ್ಲಿ ಮಾತಿತ್ತು. ಕನ್ನಡಿಯ ಮುಂದೆ ಎಷ್ಟೋ ಸಲ ಆಡಿ ಸವೆದ ಮಾತು. ನಾಲಗೆ ಅದನ್ನು ಹಲ್ಲಿನ ತನಕ ತಂದಿತು. ಆಗ ಆಡಿಟರ ಬೂಟು ಪಕ್ಕದಲ್ಲೇ ನಿಂತಿದ್ದ ಅವನ ಕಾಲನ್ನು ತುಳಿಯಿತು, ಗಟ್ಟಿಯಾಗಿ. ಅವನಿಗೆ ತುಳಿದದ್ದು ನೋವಾಗಲಿಲ್ಲ, ಮಾತಾಡದೇ ಇರಲು ಒಂದು ಕಾರಣ ಸಿಕ್ಕಿತೆಂದು ಸಮಾಧಾನವಾಯಿತು. ಆ ಸಮಾಧಾನವನ್ನು ಅವನು ಕಂಡ, ಮುಚ್ಚಳ ತೆಗೆದಿಟ್ಟ ಡಬ್ಬಿಯ ಒಳಗನ್ನು ಕಾಣುವ ಹಾಗೆ.

"ನೀವಾದ್ರೂ ಹೇಳ್ರೀ ನಿಮ್ಮ ಅತ್ತಿಗೆಗೆ!" ಎಂದು ಆಡಿಟರು ಹಲ್ಲಿನ ಸಂದಿಯಿಂದ ಅಂದರು. "ಮನೆ ಹೋಗತ್ತೆ ಅಂತ ಹೇಳಿ."

ಅವನು ಹೇಳಿದ. ಇದನ್ನೂ ಅವನು ಹೇಳಿದ. "ಅತ್ತಿಗೆ, ಮನೆ ಹೋಗತ್ತೆ."

ಅತ್ತಿಗೆ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಉಜ್ಜಿಕೊಂಡಳು.

"ನಿಂಗೋಸ್ಕರ ಏನು ಬೇಕಾದ್ರೂ ಅಂತೀನಿ ಕಣೋ. ನಾನು ಬಟ್ಟೆ ಉಜ್ಜಿ ಕೂಡಿಟ್ಟಿದ್ದು ಅಂತೀನಿ. ದಾರೀಲಿ ಸಿಕ್ತು ಅಂತೀನಿ. ಬೇಕಾದ್ರೆ ಕದ್ದೆ ಅಂತ ಬರ್ಕೊಳ್ಳಿ, ಕದ್ದೆ ಅಂತಾನೂ ಅಂತೀನಿ, ಅದು ನಂಗೆ ರೂಢಿ ಇದೆ. ಅವರು ಕೊಟ್ಟರು ಅಂತ ಮಾತ್ರ ಅನ್ನಲ್ಲ."

ಅವಳು ಎದ್ದಳು. ಬಾಗಿಲ ಕಡೆ ಹೋಗಲಿಲ್ಲ. ಗೋಡೆಯ ಬಳಿ ಹೋಗಿ, ಬಗ್ಗಿ, ಯಾರನ್ನೂ ಕೇಳದೆ ಹೀಟರಿನ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತಳು. ಮರಳಿ ಬಂದು ನಿಂತಳು. ಆಡಿಟರು ಪೆನ್ನಿನ ಮುಚ್ಚಳ ತೆಗೆದು ಅವಳ ಬೆರಳುಗಳ ನಡುವೆ ಸಿಕ್ಕಿಸಿ, ಕಾಗದವನ್ನು ಅವಳ ಕಡೆ ತಿರುಗಿಸಿ, ಸಹಿಯ ಜಾಗವನ್ನು ಉಗುರಿನಿಂದ ಒತ್ತಿ ತೋರಿಸಿದರು.

"ಇಲ್ಲಿ. ಸುಮ್ನೆ ಹಾಕಿ ಅಮ್ಮಾ. ಯಾರೂ ಏನೂ ಕೇಳಲ್ಲ."

ಅತ್ತಿಗೆ ಮೇಜಿನ ಮೇಲಿದ್ದ ಮುಚ್ಚಳವನ್ನು ಹುಡುಕಿ ಪೆನ್ನಿಗೆ ಹಾಕಿದಳು. ಅದು ಟಕ್ಕೆಂದು ಕೂತದ್ದು ಎಲ್ಲರಿಗೂ ಕೇಳಿಸಿತು.

"ಹಾಕಲ್ಲ" ಅಂದಳು.